ಚಿನ್ನಕ್ಕೆ ಗ್ಯಾಸ್ ಅಂಟುವುದಿಲ್ಲ!

ನಾನು ಬಿಎಸ್ಸಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೂರ್ತಿ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ಅದರಲ್ಲೂ ರಸಾಯನಶಾಸ್ತ್ರ. ಓದು ಮುಗಿಸಿ ಊರಿಗೆ ಬಂದು ಕಾಫಿ ತೋಟ ಹಿಡಿದೆನಾದರೂ ನನ್ನೊಳಗಿನ ವಿಜ್ಞಾನಿ ಸುಮ್ಮನೆ ಕೂತವನಲ್ಲ. ಕೆ. ಹೊಸಕೋಟೆ ಸುತ್ತಮುತ್ತ ಯಾರ ಬಾವಿಯ ನೀರು ಗಡುಸಾದರೂ, ಕಾಫಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಯಾರ ಡ್ರಮ್ಮಿನಲ್ಲಿ ಒಡೆದುಹೋದರೂ, "ಬಿಎಸ್ಸಿ ಚಂದ್ರಣ್ಣನ್ನ ಕೇಳಿ" ಅನ್ನುವುದು ವಾಡಿಕೆಯಾಗಿತ್ತು. ಈಗ ಯಾರೂ ಅನ್ನುವುದಿಲ್ಲ. ಯಾಕೆ ಅನ್ನುವುದಿಲ್ಲ ಎಂಬುದೇ ಈ ಕಥೆ.

ಎಲ್ಲದಕ್ಕೂ ಮೂಲ ನಮ್ಮ ಮನೆಯ ಗೋಬರ್ ಗ್ಯಾಸ್. ಹಿತ್ತಲಲ್ಲಿ ಗುಂಡಿ ತೋಡಿಸಿ, ಗುಮ್ಮಟ ಕಟ್ಟಿಸಿ, ಅಡುಗೆಮನೆಗೆ ಪೈಪು ಎಳೆಸಿ, ಮೊದಲ ದಿನ ಸ್ಟೌ ಹೊತ್ತಿದಾಗ ನಾನೇ ನಿಂತು ಚಪ್ಪಾಳೆ ತಟ್ಟಿದ್ದೆ. ನನ್ನ ಹೆಂಡತಿ ಜಯಂತಿ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕೊಳೆತ ಮೊಟ್ಟೆ ವಾಸ್ನೆ ಬತ್ತೈತಲ್ರೀ" ಅಂದಿದ್ದಳು. ಪೈಪಿನ ಯಾವುದೋ ಕೀಲಿನಲ್ಲಿ ಸಣ್ಣದಾಗಿ ಸೋರುತ್ತಿತ್ತು. ವಿಜ್ಞಾನ ಮುಂದೆ ಹೋಗುವಾಗ ಸ್ವಲ್ಪ ವಾಸನೆ ಬರುವುದು ಸಹಜವೆಂದು ನಾನು ಸಮಾಧಾನ ಹೇಳಿದ್ದೆ.

ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಅವಳು ಕುತ್ತಿಗೆಯ ಸರ ಬಿಚ್ಚಿ ನನ್ನ ರೊಟ್ಟಿಯ ಪಕ್ಕದಲ್ಲೇ ಇಟ್ಟಳು.

"ನೋಡ್ರೀ ಇಲ್ಲಿ. ನಿಮ್ ಗ್ಯಾಸು ಬಂದ್ಮೇಲೆ ನನ್ನ ಸರ ಹೆಂಗೆ ಕಪ್ಪು ಹಿಡ್ಕಂಡ್ಬುಟ್ಟೈತೆ!"

ಸರ ನಿಜಕ್ಕೂ ಮಂಕಾಗಿತ್ತು. ಆದರೆ ಬಿಎಸ್ಸಿ ಓದಿದವನಿಗೆ ಕಣ್ಣಿಗೆ ಕಂಡದ್ದನ್ನೆಲ್ಲ ಒಪ್ಪಿಕೊಳ್ಳಲು ಬರುತ್ತದೆಯೇ? ನಾನು ಕೈ ತೊಳೆದುಕೊಂಡು ಗಂಟಲು ಸರಿಮಾಡಿಕೊಂಡೆ. ಇಂಥ ಹೊತ್ತಿನಲ್ಲಿ ನನಗೆ ಪುಸ್ತಕದ ಕನ್ನಡವೇ ಬರುತ್ತದೆ.

"ಜಯಂತಿ, ಚಿನ್ನಕ್ಕೆ ಗ್ಯಾಸ್ ಅಂಟುವುದಿಲ್ಲ. ಕಬ್ಬಿಣವನ್ನು ನೋಡು. ಆಕ್ಸಿಜನ್ ಬಂತೆಂದರೆ ಒಳಗೆ ಕರೆದು ಮಣೆ ಹಾಕಿ ಕೂರಿಸುತ್ತದೆ, ಆಮೇಲೆ ತುಕ್ಕು ಹಿಡಿದು ಹಾಳಾಗುತ್ತದೆ. ಪ್ಲಾಟಿನಂ ಎಂಬ ಲೋಹ ಹೈಡ್ರೋಜನ್ನನ್ನು ಮೈಗೇ ಅಂಟಿಸಿಕೊಳ್ಳುತ್ತದೆ. ಆದರೆ ಚಿನ್ನ? ಹೈಡ್ರೋಜನ್ ಬರಲಿ, ಆಕ್ಸಿಜನ್ ಬರಲಿ, ಮುಖ ಕೊಟ್ಟು ಮಾತಾಡುವುದಿಲ್ಲ. ಬಂದವರನ್ನು ಬಾಗಿಲಿನಿಂದಲೇ ಕಳಿಸಿಬಿಡುತ್ತದೆ!"

"ನಿಮ್ ದೊಡ್ಡಕ್ಕನ ಥರ" ಅಂದಳು ಜಯಂತಿ.

"ವಿಷಯಕ್ಕೆ ಬಾ."

"ನೀವೇ ಬನ್ನಿ. ಬಾಗ್ಲಿಂದ ಕಳಿಸಿದ್ರೆ ಮತ್ತೆ ಇದ್ಯಾಕೆ ಕಪ್ಪಾಯ್ತು?"

"ಬೆವರು" ಅಂದೆ.

ಹೇಳಬಾರದಿತ್ತು.

"ಬೆವರಾ? ಬೆಳಗಾಗೆದ್ದು ಕೊಟ್ಟಿಗೆಯಿಂದ ಸಗಣಿ ಹೊತ್ತು ನಿಮ್ ಗ್ಯಾಸಿನ ಗುಂಡಿಗೆ ಕಲಸಿ ಹುಯ್ಯೋಳು ಯಾರು? ಬೆವರದೆ ಇನ್ನೇನು ಮಾಡ್ಲಿ? ಕೇಳಿ ಇಲ್ಲಿ. ಭಾನುವಾರ ಸಕಲೇಶಪುರದಲ್ಲಿ ನಮ್ಮಣ್ಣನ ಮಗಳ ನಿಶ್ಚಿತಾರ್ಥ. ಅವ್ವ ಮೊದ್ಲು ನೋಡೋದೇ ನನ್ ಓಲೆನ. ಅದೂ ಕಪ್ಪಾಗ್ಬುಟ್ರೆ ನಿಮ್ ಸ್ಟೌ ಎತ್ತಿ ಅಂಗಳಕ್ಕೆ ಬಿಸಾಕ್ತೀನಿ. ಆಮೇಲೆ ಸೌದೆ ಒಡೆಯೋರು ನೀವೇ!"

ಓಲೆಯ ವಿಷಯ ಸ್ವಲ್ಪ ಹೇಳಬೇಕು. ಅದು ಜಯಂತಿಯ ಅಜ್ಜಿಯದು. ಅಜ್ಜಿಯಿಂದ ನಮ್ಮ ಅತ್ತೆಗೆ ಬಂದು, ಮದುವೆಯ ದಿನ ಅತ್ತೆ ತಮ್ಮ ಕಿವಿಯಿಂದಲೇ ಬಿಚ್ಚಿ ಮಗಳ ಕಿವಿಗೆ ಹಾಕಿದ್ದು. ಮಧ್ಯದಲ್ಲೊಂದು ಮೊಗ್ಗು, ಸುತ್ತ ಎಸಳು. ನಮ್ಮತ್ತೆಗೊಂದು ಅಭ್ಯಾಸ. ಯಾವ ಸಮಾರಂಭದಲ್ಲಿ ಮಗಳು ಸಿಕ್ಕರೂ ಮೊದಲು ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಬಲಗಿವಿಯ ಓಲೆ ಮುಟ್ಟಿ, ಎಡಗಿವಿಯ ಓಲೆ ಮುಟ್ಟಿ, ಆಮೇಲೆ "ಚೆನ್ನಾಗಿದ್ದೀಯೇನೆ" ಅಂತ ಕೇಳುವುದು. ಓಲೆ ಚೆನ್ನಾಗಿದ್ದರೆ ಮಗಳೂ ಚೆನ್ನಾಗಿದ್ದಾಳೆ, ಅಳಿಯನೂ ನೆಟ್ಟಗಿದ್ದಾನೆ ಎಂದು ಅವರ ಲೆಕ್ಕ. ಇಷ್ಟು ವರ್ಷ ಆ ಪರೀಕ್ಷೆಯಲ್ಲಿ ನಾನು ಫೇಲಾದವನಲ್ಲ.

ನಾನಾದರೂ ಸುಮ್ಮನಿರುತ್ತಿದ್ದೆನೇನೋ. ಆದರೆ ಮರುದಿನ ಬೆಳಿಗ್ಗೆ ಪಕ್ಕದ ತೋಟದ ಮಲ್ಲೇಶಣ್ಣ ಬಂದ. ನನ್ನ ಮಾತು ಕೇಳಿ ಅವನೂ ಗೋಬರ್ ಗ್ಯಾಸಿಗೆ ಗುಂಡಿ ತೋಡಿಸಿದ್ದ. ಜಯಂತಿಯ ಸರದ ಸುದ್ದಿ ಬೇಲಿ ದಾಟಿ ಅವನ ಹೆಂಡತಿ ಸುಶೀಲಕ್ಕನ ಕಿವಿಗೆ ಬಿದ್ದು, ಆಕೆ ಆ ಗುಂಡಿಗೆ ಬಾಳೆ ಕಂದು ನೆಡುತ್ತೇನೆ ಎಂದು ಕೂತಿದ್ದಳು.

"ನಿಜ ಹೇಳ್ಬುಡು ಮಾರಾಯ. ಗ್ಯಾಸಿಗೆ ಚಿನ್ನ ಕಪ್ಪಾಯ್ತದೋ ಇಲ್ವೋ?" ಅಂದ.

"ಬಾಯಲ್ಲಿ ಹೇಳೋದಲ್ಲ ಮಲ್ಲೇಶಣ್ಣ. ಕಣ್ಣಿಗೇ ತೋರಿಸ್ತೀನಿ, ಬಾ" ಅಂದೆ.

ಜಯಂತಿ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಭಾನುವಾರಕ್ಕೆಂದು ಓಲೆಗಳನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದಳು. ಎರಡು ಓಲೆ. ನನಗೆ ಬೇಕಾದದ್ದೂ ಎರಡೇ. ವಿಜ್ಞಾನವೇ ಬಟ್ಟಲಲ್ಲಿ ಕೂತು ಕರೆದಂತಾಯಿತು.

ಪ್ರಯೋಗ ಬಹಳ ಸರಳ. ನೀರಿಗೆ ಕರೆಂಟು ಕೊಟ್ಟರೆ ಒಂದು ತಂತಿಯ ತುದಿಯಲ್ಲಿ ಹೈಡ್ರೋಜನ್, ಇನ್ನೊಂದರ ತುದಿಯಲ್ಲಿ ಆಕ್ಸಿಜನ್ ಹುಟ್ಟುತ್ತದೆ. ಎರಡು ತುದಿಗೂ ಒಂದೊಂದು ಓಲೆ ಕಟ್ಟಿದರೆ ಗ್ಯಾಸು ಚಿನ್ನದ ಮೈಮೇಲೇ ಹುಟ್ಟಬೇಕು. ಅಷ್ಟು ಹತ್ತಿರ ಬಂದರೂ ಅಂಟದೆ ಗುಳ್ಳೆಯಾಗಿ ಎದ್ದುಹೋದರೆ, ಆಯಿತು! ಸಿದ್ಧಾಂತ ಗೆದ್ದಿತು, ಸ್ಟೌ ಉಳಿಯಿತು, ಮಲ್ಲೇಶಣ್ಣನ ಗುಂಡಿಯೂ ಉಳಿಯಿತು.

ಔಷಧಿ ಹೊಡೆಯುವ ಸ್ಪ್ರೇಯರಿನ ಬ್ಯಾಟರಿ ಬಿಚ್ಚಿ ತಂದೆ. ಪ್ಲಾಸ್ಟಿಕ್ ಬೇಸಿನ್ನಿಗೆ ನೀರು ಹಾಕಿದೆ. ಎರಡು ತಂತಿಯ ತುದಿಗೆ ಎರಡು ಓಲೆ ಸುತ್ತಿ ನೀರಿಗೆ ಇಳಿಬಿಟ್ಟೆ. ಏನೂ ಆಗಲಿಲ್ಲ. ಬರೀ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಕಾಲೇಜಿನಲ್ಲಾದರೆ ಸ್ವಲ್ಪ ಆಸಿಡ್ ಬೆರೆಸುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಆಸಿಡ್ ಎಲ್ಲಿಂದ ಬರಬೇಕು? ಕೈಗೆ ಸಿಕ್ಕಿದ್ದು ಉಪ್ಪಿನ ಜಾಡಿ. ಒಂದು ಹಿಡಿ ತೆಗೆದು ಹಾಕಿದೆ. ಅಡುಗೆಗೆ ಉಪ್ಪು ಹಾಕುವವರ ಧೈರ್ಯದಲ್ಲೇ ಹಾಕಿದೆ.

ಬುಳುಬುಳು ಬುಳುಬುಳು! ಎರಡು ಓಲೆಯಿಂದಲೂ ಗುಳ್ಳೆ ಎದ್ದವು.

"ಏಯ್! ಕುದೀತೈತೆ ಕಣೋ!" ಮಲ್ಲೇಶಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ಕುದಿಯೋದಲ್ಲ. ಅದು ಹೈಡ್ರೋಜನ್, ಇದು ಆಕ್ಸಿಜನ್. ನೋಡು, ಚಿನ್ನ ಹತ್ತಿರ ಸೇರಿಸ್ತಾ ಐತಾ? ಹುಟ್ಟಿದ ತಕ್ಷಣ ಎದ್ದು ಹೋಗ್ತಾವೆ."

"ಹೌದಲ್ಲಪ್ಪ!"

"ಮತ್ತೆ? ಸುಶೀಲಕ್ಕಂಗೆ ಹೋಗಿ ಹೇಳು."

"ಇನ್ನೊಂದಿಷ್ಟು ಹೊತ್ತು ಬುಡು. ಗಟ್ಟಿ ಆಗ್ಲಿ" ಅಂದ ಅವನು. ಏನು ಗಟ್ಟಿಯಾಗಬೇಕಿತ್ತೋ ದೇವರಿಗೇ ಗೊತ್ತು. ನನಗೂ ಗೆದ್ದ ಹುಮ್ಮಸ್ಸು. ಬೇಸಿನ್ನನ್ನು ಅದರ ಪಾಡಿಗೆ ಬಿಟ್ಟು ಜಗಲಿಯಲ್ಲಿ ಕೂತು ಕಾಫಿ ಕುಡಿಯತೊಡಗಿದೆವು. ಕಾಫಿ ರೇಟು, ಕಾಯಿಕೊರಕ, ಆನೆ ಕಾಟ, ಎಲ್ಲ ಮಾತಾಡಿದೆವು. ತೋಟದವರಿಬ್ಬರು ಕೂತು ಆನೆಯ ಮಾತಿಗೆ ಇಳಿದರೆ ಅದು ಬೇಗ ಮುಗಿಯುವ ಬಾಬತ್ತಲ್ಲ.

ಮಾತಿನ ಮಧ್ಯೆ ಮಲ್ಲೇಶಣ್ಣ ಕೆಮ್ಮಿದ. ಮತ್ತೆ ಕೆಮ್ಮಿದ.

"ಇದೇನೋ ಚಂದ್ರಣ್ಣ, ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕ್ದಂಗೆ ವಾಸ್ನೆ ಬತ್ತೈತೆ?"

ನನ್ನ ಲೋಟ ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು. ಬ್ಲೀಚಿಂಗ್ ಪೌಡರ್ ಅಂದರೆ ಕ್ಲೋರಿನ್. ಕ್ಲೋರಿನ್ ಎಲ್ಲಿಂದ ಬಂತು? ಉಪ್ಪಿನಿಂದ! ಉಪ್ಪು ಅಂದರೆ ಸೋಡಿಯಂ ಕ್ಲೋರೈಡು. ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಹೈಡ್ರೋಜನ್, ಆಕ್ಸಿಜನ್ ಮುಂದೆ ಚಿನ್ನ ಮಹಾರಾಣಿಯೇ ನಿಜ. ಆದರೆ ಉಪ್ಪುನೀರಿನೊಳಗೆ ಕರೆಂಟಿನ ಬೆಂಬಲವೂ ಸಿಕ್ಕಿ ಕ್ಲೋರಿನ್ ಬಂತೆಂದರೆ ಮಹಾರಾಣಿ ಕರಗಿ ನೀರಾಗಿಬಿಡುತ್ತಾಳೆ! ನಾನು ಇಬ್ಬರನ್ನು ಊಟಕ್ಕೆ ಕರೆದಿದ್ದೆ, ಕಳ್ಳ ಮೂರನೆಯವನಾಗಿ ಒಳಗೆ ಬಂದಿದ್ದ. ಹಿಡಿ ಉಪ್ಪು ಹಾಕಿ ಕರೆದವನೂ ನಾನೇ.

ಒಳಗೆ ಓಡಿದೆ. ಬೇಸಿನ್ನಿನ ನೀರು ಕಷಾಯದ ಬಣ್ಣಕ್ಕೆ ತಿರುಗಿತ್ತು. ಒಂದು ಓಲೆಯ ಎಸಳೆಲ್ಲ ಸವೆದು, ಮೊಗ್ಗು ಮಾಯವಾಗಿ, ಹಪ್ಪಳದಷ್ಟು ತೆಳ್ಳಗಾಗಿತ್ತು. ಇನ್ನೊಂದು ಕರ್ರಗೆ ಮಸಿ ಮೆತ್ತಿಕೊಂಡು ಒಣಗಿದ ಮೆಣಸಿನ ಕಾಳಿನ ಹಾಗೆ ಕೂತಿತ್ತು. ಅಜ್ಜಿ, ಅತ್ತೆ, ಹೆಂಡತಿ, ಮೂರು ತಲೆಮಾರಿನ ಹೆಂಗಸರು ಒಟ್ಟಿಗೆ ನನ್ನ ಕಡೆ ತಿರುಗಿ ನೋಡಿದಂತಾಯಿತು.

"ಒಂದು ಬಡವಾಗೈತೆ, ಒಂದು ಕಪ್ಪಾಗೈತೆ" ಅಂದ ಮಲ್ಲೇಶಣ್ಣ ಬಗ್ಗಿ ನೋಡುತ್ತ. "ಯಾವುದು ಹೈಡ್ರೋಜನ್ನು, ಯಾವುದು ಆಕ್ಸಿಜನ್ನು?"

"ಬಾಯ್ ಮುಚ್ಚು!"

ಗಾಬರಿಯಲ್ಲಿ ಮನುಷ್ಯ ಮೊದಲು ಮಾಡುವ ಕೆಲಸ ಸಾಕ್ಷಿ ನಾಶ. ಓಲೆ ಎತ್ತಿ ಜೇಬಿಗೆ ಹಾಕಿಕೊಂಡೆ. ಬೇಸಿನ್ನಿನ ನೀರನ್ನು ಹಿಂದಿನ ಬಾಗಿಲಿನಿಂದ ಹೊತ್ತು ಕೊಟ್ಟಿಗೆಯ ಪಕ್ಕದ ಬಾನಿಗೆ ಸುರಿದೆ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಹಸುವಿಗೆಂದು ಸುರಿಯುವ ಬಾನಿ ಅದು. ಸುರಿದು, ಕೈ ತೊಳೆದುಕೊಂಡು, ದೊಡ್ಡದೊಂದು ಉಸಿರು ಬಿಟ್ಟೆ.

ಮಲ್ಲೇಶಣ್ಣ ಹಿಂದೆಯೇ ಬಂದು ನಿಂತು ತಲೆ ಕೆರೆದುಕೊಂಡ. "ಅಲ್ಲ ಚಂದ್ರಣ್ಣ, ಆ ಓಲೆ ಸವೀತಲ್ಲ, ಆ ಚಿನ್ನ ಎಲ್ಲಿಗೋಯ್ತು?"

"ದ್ರವ್ಯಕ್ಕೆ ನಾಶವಿಲ್ಲ ಮಲ್ಲೇಶಣ್ಣ" ಅಂದೆ. ಆ ಸ್ಥಿತಿಯಲ್ಲೂ ಪಾಠ! "ಅದು ಎಲ್ಲಿಗೂ ಹೋಗಲ್ಲ. ನೀರಲ್ಲೇ ಇರುತ್ತೆ. ನೀರು ಜೋಪಾನವಾಗಿ ಇಟ್ಕಂಡ್ರೆ ವಾಪಸ್ ತೆಗೀಬಹುದು."

"ಯಾವ ನೀರು?"

ಇಬ್ಬರೂ ಒಟ್ಟಿಗೆ ಬಾನಿಯ ಕಡೆ ತಿರುಗಿದೆವು. ನಮ್ಮ ಹಸು ಗೌರಿಗೆ ಉಪ್ಪೆಂದರೆ ಪ್ರಾಣ. ಕತ್ತು ಚಾಚಿ, ಕಣ್ಣು ಅರ್ಧ ಮುಚ್ಚಿಕೊಂಡು, ಬಾನಿಯ ತಳ ನೆಕ್ಕುತ್ತಿದ್ದಳು.

"ಹೋಯ್ತು!" ಅಂದೆ.

"ಹೋಗಿಲ್ಲ" ಅಂದ ಮಲ್ಲೇಶಣ್ಣ. "ಈಗಷ್ಟೇ ಒಳಗೋಗೈತೆ. ಹೊರಗೆ ಬಂದೇ ಬತ್ತೈತೆ."

ಹಾಲಿನ ಕ್ಯಾನು ಸದ್ದು ಮಾಡಿತು. ಜಯಂತಿ ಬಂದಿದ್ದಳು. ಮಲ್ಲೇಶಣ್ಣ ಬೇಲಿ ಹಾರಿದ. ಅವನ ವಯಸ್ಸಿಗೆ, ಅವನ ಹೊಟ್ಟೆಗೆ, ಆ ಬೇಲಿ ಹಾರಿದ್ದು ಈಗಲೂ ನನಗೆ ಆಶ್ಚರ್ಯ.

ಹೆಂಡತಿಗೆ ಹೇಳಿದ್ದನ್ನೂ ಅವಳು ಹೇಳಿದ್ದನ್ನೂ ಇಲ್ಲಿ ಪೂರ್ತಿ ಬರೆಯುವ ಹಾಗಿಲ್ಲ. ಅಂಗೈ ಮೇಲೆ ಎರಡು ಓಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊದಲು ಬೈಯಲಿಲ್ಲ. "ಅಜ್ಜಿ ಕಿವೀಲಿ ಇದ್ದುದ್ದು ಕಣ್ರೀ ಇದು" ಅಂತ ಮೆಲ್ಲಗೆ ಅಂದಳು. ಆಮೇಲೆ ಬೈದಳು. ಆಗ ಸ್ವಲ್ಪ ಹಗುರವಾಯಿತು.

"ಗೌರಿ ಸಗಣಿ ಬೇರೆ ಇಡೋಣ" ಅಂದೆ ಧೈರ್ಯ ಮಾಡಿ. "ಒಣಗಿಸಿ, ಸುಟ್ಟು, ಬೂದಿಯಿಂದ ಚಿನ್ನ ತೆಗೆಯೋ ವಿಧಾನ ಐತೆ."

"ಇನ್ನೊಂದು ವಿಧಾನ ಅಂದ್ರೆ ನಿಮ್ಮನ್ನೇ ಆ ಗುಂಡಿಗೆ ಕಲಸಿ ಹುಯ್ತೀನಿ! ಅಡುಗೆಗೆ ಗ್ಯಾಸು ಬ್ಯಾಡ್ವಾ? ಸಗಣಿ ಎಲ್ಲಿಗೆ ಹೋಗ್ಬೇಕೋ ಅಲ್ಲಿಗೇ ಹೋಯ್ತದೆ."

ಹಾಗೆ ನಮ್ಮತ್ತೆಯ ಮನೆಯ ಚಿನ್ನ ಗೋಬರ್ ಗ್ಯಾಸಿನ ಗುಂಡಿ ಸೇರಿತು. ಚಿನ್ನಕ್ಕೆ ಗ್ಯಾಸ್ ಅಂಟುವುದಿಲ್ಲ ಎಂದು ತೋರಿಸಲು ಹೋದವನು ಚಿನ್ನವನ್ನೇ ಗ್ಯಾಸಿನ ಮನೆಗೆ ಗೃಹಪ್ರವೇಶ ಮಾಡಿಸಿದ್ದೆ. ಗೌರಿಗೆ ಮಾತ್ರ ಏನೂ ಆಗಲಿಲ್ಲ. ಹಾಲು ಎಂದಿನಂತೆ ಕೊಟ್ಟಳು.

ಮರುದಿನ ಇಬ್ಬರೂ ಬಸ್ಸು ಹತ್ತಿ ಆಲೂರಿಗೆ ಹೋದೆವು. ಅಲ್ಲಿ ಚಿನ್ನದ ಕೆಲಸದ ಆಚಾರ್ರು ಓಲೆಗಳನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ನನ್ನ ಮುಖ ನೋಡಿದರು.

"ಇದೊಂದು ಜೊತೆ ಓಲೆನಾ?"

"ಹೌದು."

"ಒಂದೇ ಮನೇಲಿದ್ವಾ?"

"ಇದ್ವು. ನಿನ್ನೆವರೆಗೂ" ಅಂದಳು ಜಯಂತಿ.

ಅವರು ಕಪ್ಪನ್ನು ಉಜ್ಜಿ ತೆಗೆದು ಹೊಳಪು ಕೊಟ್ಟರು. ತೆಳ್ಳಗಾದದ್ದನ್ನು ದಪ್ಪ ಮಾಡಲು ಹೊಸ ಚಿನ್ನ ಸೇರಿಸಿ ಕರಗಿಸಿ ಹೊಸದಾಗಿ ಕಟ್ಟಬೇಕು, ಭಾನುವಾರದೊಳಗೆ ಆಗದ ಮಾತು ಅಂದರು. ಬೇಕಾದರೆ ಒಂದು ಉಪಾಯವಿದೆಯಂತೆ. ಇನ್ನೊಂದನ್ನೂ ಅಷ್ಟೇ ತೆಳ್ಳಗೆ ಮಾಡಿ ಜೊತೆ ಮಾಡಿಕೊಡುತ್ತಾರಂತೆ. "ಅದನ್ನ ಇವ್ರೇ ಮಾಡ್ತಾರೆ ಬುಡಿ" ಅಂದಳು ಜಯಂತಿ. ಸರ ಕಪ್ಪಾದದ್ದಕ್ಕೆ ಕಾರಣವನ್ನು ನಾನು ಕೇಳಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ನಾನೇ ನೆನಪು ಮಾಡಿಕೊಂಡೆ. ಒಡವೆಯ ಚಿನ್ನ ಬರೀ ಚಿನ್ನವಲ್ಲ, ತಾಮ್ರ ಬೆಳ್ಳಿ ಬೆರೆತಿರುತ್ತವೆ. ಗೋಬರ್ ಗ್ಯಾಸಿನ ಕೊಳೆತ ಮೊಟ್ಟೆ ವಾಸನೆ ಎಂದರೆ ಗಂಧಕ. ಗಂಧಕ ತಾಗಿದರೆ ಅವು ಕಪ್ಪಾಗುತ್ತವೆ. ಚಿನ್ನಕ್ಕೂ ಗಂಧಕದ ಮೇಲೆ ಒಂದು ಮೋಹವಿದೆ. ಅಂದರೆ ಮೊದಲ ದಿನ ಮೂಗು ಮುಚ್ಚಿಕೊಂಡು ಜಯಂತಿ ಹೇಳಿದ್ದರಲ್ಲೇ ಎಲ್ಲ ವಿಜ್ಞಾನವೂ ಇತ್ತು. ಇದನ್ನು ಅವಳಿಗೆ ಹೇಳುವ ಧೈರ್ಯ ಕೂಡಲೇ ಬರಲಿಲ್ಲ. ಇಳಿಯುವ ಹೊತ್ತಿಗೆ ಹೇಳಿದೆ. "ಗೊತ್ತು" ಅಂದಳು.

ಶನಿವಾರ ಅವಳು ಒಂದು ಮಾತು ಸ್ಪಷ್ಟಪಡಿಸಿದಳು. "ನಾನು ಅವ್ವನ ಹತ್ರ ಸುಳ್ಳು ಹೇಳಾಕಿಲ್ಲ. ಇದೇ ಓಲೆ ಹಾಕ್ಕಂಡ್ ಬತ್ತೀನಿ. ಹೇಳೋರು ನೀವು."

ನಾನು ಭಾಷಣ ತಯಾರು ಮಾಡಿದೆ. 'ಪೂಜ್ಯ ಅತ್ತೆಯವರೇ' ಎಂದು ಶುರು. ಪರಿಶುದ್ಧ ಚಿನ್ನದ ಗುಣ, ನನ್ನ ಸದುದ್ದೇಶ, ಕ್ಲೋರಿನ್ನಿನ ದುಷ್ಟತನ, ಕೊನೆಗೆ ಕ್ಷಮೆ. ತೋಟದಲ್ಲಿ ಸಿಲ್ವರ್ ಓಕ್ ಮರಗಳ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದೆ. ಅವು ತಲೆದೂಗಿದವು.

ಭಾನುವಾರ ಸಕಲೇಶಪುರದ ಛತ್ರದ ಬಾಗಿಲು ದಾಟಿ ನಾನು ಒಳಗೆ ಕಾಲಿಟ್ಟೆನೋ ಇಲ್ಲವೋ, ಹೆಂಗಸರ ಸಾಲಿನಲ್ಲಿ ಒಂದು ವಿಚಿತ್ರ ನಡೆಯಿತು. ಮೊದಲ ಕುರ್ಚಿಯಾಕೆ ಸೆರಗು ಎಳೆದು ಕಿವಿ ಮುಚ್ಚಿಕೊಂಡಳು. ಪಕ್ಕದವಳು ಕೈಬಳೆ ಸೆರಗಿನೊಳಗೆ ಸೇರಿಸಿದಳು. ಅದರ ಪಕ್ಕದವಳು ಸರ ಹಿಡಿದು ರವಿಕೆಯೊಳಗೆ ಇಳಿಬಿಟ್ಟಳು. ನಾನು ಮುಂದೆ ಹೋದಂತೆ ಸಾಲಿಗೆ ಸಾಲೇ ಚಿನ್ನ ಮಾಯ! ಮೂಲೆಯಲ್ಲಿ ಸುಶೀಲಕ್ಕ ಕೂತಿದ್ದಳು. ನಮ್ಮತ್ತೆಯ ಊರಿನ ಹೆಣ್ಣು ಅವಳು. ಫೋನು ಮೊದಲೇ ಕೆಲಸ ಮಾಡಿತ್ತು. ನನ್ನ ಭಾಷಣಕ್ಕೆ ಬೆಲೆಯೇ ಉಳಿಯಲಿಲ್ಲ.

ಅತ್ತೆ ಎಂದಿನಂತೆ ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಬಲಗಿವಿ ಮುಟ್ಟಿದರು. ಎಡಗಿವಿ ಮುಟ್ಟಿದರು. "ಚೆನ್ನಾಗಿದ್ದೀಯೇನೆ" ಎಂದು ಕೇಳಲಿಲ್ಲ.

"ಪೂಜ್ಯ ಅತ್ತೆಯವರೇ..." ಅಂದೆ.

"ಇರಿ ಅಳಿಯಂದ್ರೇ, ಒಸಿ ಸುಮ್ಕಿರಿ" ಅಂದರು.

ತಮ್ಮ ಕಿವಿಯ ಓಲೆಗಳನ್ನು ಅಲ್ಲೇ ನಿಂತು ತಿರುಪು ಬಿಚ್ಚಿ ತೆಗೆದರು. ಮಗಳ ಕಿವಿಯ ಸವೆದ ಜೊತೆ ಬಿಚ್ಚಿ, ತಮ್ಮದನ್ನು ಅವಳಿಗೆ ಹಾಕಿದರು. ಜಯಂತಿ ಬೇಡ ಬೇಡ ಎಂದು ಕಣ್ಣೀರು ತುಂಬಿಕೊಂಡಳು. ಅತ್ತೆ ಆ ಒಂದು ತೆಳ್ಳಗಿನ, ಒಂದು ದಪ್ಪಗಿನ ಓಲೆಯನ್ನು ತಮ್ಮ ಕಿವಿಗೆ ಏರಿಸಿಕೊಂಡು ತಿರುಪು ಬಿಗಿ ಮಾಡಿಕೊಂಡರು.

"ನಮ್ಮವ್ವನ ಓಲೆ ನಂಗೇ ವಾಪಸ್ ಬಂತಲ್ಲ, ಅಳ್ತೀಯ ಯಾಕೆ? ಈ ವಯಸ್ಸಿಗೆ ಕಿವಿ ಜೋತಾಡ್ತಿತ್ತು ಕಣೆ. ಒಂದು ಕಡೆ ಹಗೂರಾಯ್ತು. ಇನ್ನೊಂದು ಕಡೆ ನಿನ್ ಗಂಡ ಮುಂದಿನ ಸಲ ಮಾಡ್ಕೊಡ್ತಾನೆ."

ಛತ್ರವೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಮುದುಕಿಯ ಎರಡು ಕಿವಿಯಲ್ಲಿ ಎರಡು ಥರದ ಓಲೆ ಹೊಳೆಯುವುದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ತಯಾರು ಮಾಡಿದ ಭಾಷಣದ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ. ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದೆ. ಒಂದು ಕೈಯನ್ನು ನನ್ನ ತಲೆಯ ಮೇಲಿಟ್ಟು "ಚೆನ್ನಾಗಿರಪ್ಪ" ಅಂದರು. ತಲೆ ಎತ್ತಿ ನೋಡಿದರೆ ಇನ್ನೊಂದು ಕೈ ಕಿವಿಯ ಮೇಲಿತ್ತು.

ಈಗ ಪೈಪಿನ ಕೀಲು ಸರಿಯಾಗಿದೆ. ಸ್ಟೌ ಇದೆ. ಗೋಬರ್ ಗ್ಯಾಸ್ ತೆಗೆಸಲು ಜಯಂತಿ ಈಗ ಒಪ್ಪುವುದೇ ಇಲ್ಲ. "ನಮ್ಮಜ್ಜಿ ಚಿನ್ನ ಅದ್ರೊಳಗೈತೆ, ಕಿತ್ತಾಕಾಕ್ ಬುಡ್ತೀನಾ?" ಅನ್ನುತ್ತಾಳೆ. ಮೊನ್ನೆ ಫೋನಿನಲ್ಲಿ ಓದಿದ ಒಂದು ಸಂಗತಿಯನ್ನು ಅವಳಿಗೆ ಹೇಳಲು ಹೋಗಿದ್ದೆ. ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾದರೆ ಅದರ ಗುಣವೇ ಬೇರೆಯಂತೆ, ಆಗ ಅದೂ ಆಕ್ಸಿಜನ್ನನ್ನು ಹಿಡಿದು ಕೂರಿಸಿಕೊಂಡು ಕೆಲಸ ಮಾಡಿಸುತ್ತದಂತೆ. ಅಂದರೆ ನಮ್ಮ ಗುಂಡಿಯಲ್ಲಿ ಈಗ... ವಾಕ್ಯ ಮುಗಿಯುವ ಮೊದಲೇ ಸೌಟು ಬಂತು.

ಮಲ್ಲೇಶಣ್ಣನ ಗುಂಡಿಯಲ್ಲಿ ಬಾಳೆ ಗೊನೆ ಹಾಕಿದೆ. ನಮ್ಮ ಮನೆಯಲ್ಲಿ ಒಡವೆಯ ಡಬ್ಬಿ ತೆಗೆಯುವ ಹೊತ್ತಿಗೆ ನನಗೆ ಒಳಗೆ ಪ್ರವೇಶವಿಲ್ಲ. "ರೀ, ಆಚೆ ಹೋಗಿ" ಅಂದ ಕೂಡಲೇ ಎದ್ದು ಕೊಟ್ಟಿಗೆಯ ಕಟ್ಟೆಯ ಮೇಲೆ ಗೌರಿಯ ಪಕ್ಕ ಕೂರುತ್ತೇನೆ. ಚಿನ್ನ ಹೈಡ್ರೋಜನ್ನನ್ನು ಹತ್ತಿರ ಸೇರಿಸುವುದಿಲ್ಲ, ಆಕ್ಸಿಜನ್ನನ್ನು ಹತ್ತಿರ ಸೇರಿಸುವುದಿಲ್ಲ. ಮೂರನೆಯವನು ನಾನು.